ನರಿಯ ಕುತ್ತಿಗೆಯ ಪಟ್ಟಿ

ಇದು ನಮ್ಮ ಚಿಕ್ಕಮ್ಮನ ಮಗಳಿಗೆ ಆದದ್ದು. ಅವಳು ಸುಳ್ಳು ಹೇಳುವವಳಲ್ಲ. ಹೇಳಹೋದರೆ ಕಿವಿ ಕೆಂಪಾಗಿ ತಾನೇ ಸಿಕ್ಕಿಬೀಳುತ್ತಾಳೆ.

ಹೊತ್ತು ಮೀರಿತ್ತು. ದ್ವೀಪದ ಹಾಳುಬಾವಿಯ ಪಕ್ಕದ ದಾರಿಯಲ್ಲಿ, ತಾನು ತಂಗಿದ್ದ ಶೆಡ್ಡಿಗೆ ಬರುತ್ತಿದ್ದಳು. ಜೊತೆಗೆ ಅವಳನ್ನು ದ್ವೀಪಕ್ಕೆ ಕರೆತರುವ ದೋಣಿಯಣ್ಣ. ಅವಳಿಗೆ ನರಿಯಮ್ಮ ಅಂತ ಹೆಸರಿಟ್ಟವನು ಅವನೇ.

ನಡುಗಡಲ ದ್ವೀಪಗಳ ನರಿಗಳನ್ನು ನೋಡಿಕೊಳ್ಳುವುದು ಅವಳ ಕೆಲಸ. ಬೆಕ್ಕಿನಷ್ಟೇ ಇರುತ್ತವೆ. ಮನುಷ್ಯರಿಗೆ ಹೆದರಬೇಕು ಅಂತ ಅವಕ್ಕೆ ಯಾರೂ ಹೇಳಿಕೊಟ್ಟಿಲ್ಲ. ಹಿಡಿದು, ಹಲ್ಲು ನೋಡಿ ವಯಸ್ಸು ತಿಳಿದು, ಕಿವಿಗೆ ನಂಬರಿನ ಬಿಲ್ಲೆ ಹಾಕಿ, ಕುತ್ತಿಗೆಗೆ ರೇಡಿಯೊ ಪಟ್ಟಿ ಕಟ್ಟಿ ಬಿಡಬೇಕು. ಮರಿಗಳಿಗೆ ಮಾತ್ರ ಕಟ್ಟಬಾರದು. ಒಂದು ಹೆಣ್ಣು ನರಿ ಅವಳ ಮಡಿಲಲ್ಲಿ ಗಡಗಡ ನಡುಗುತ್ತಿತ್ತು. ಪಾಪ, ಬಾಯಿ ಬೇರೆ ಯಾಕೆ ಬಿಡಿಸಲಿ ಅಂತ ಹಾಗೇ ಕಟ್ಟಿಬಿಟ್ಟಳು. ಆಮೇಲೊಂದು ದಿನ, ಪೊದೆಯಲ್ಲಿ ಕಟ್ಟಿಟ್ಟ ಕ್ಯಾಮೆರಾದಲ್ಲಿ ಅದರ ಫೋಟೊ ಬಂತು. ನರಿ ಬೆಳೆದಿತ್ತು. ಪಟ್ಟಿ ಬೆಳೆದಿರಲಿಲ್ಲ.

ಎಂಟು ದಿನ ಹುಡುಕಿದಳು. ಪಟ್ಟಿಯ ಸದ್ದು ಹಿಡಿಯುವ ರಿಸೀವರ್ ಕೈಲಿದ್ದರೂ ತುಟಿ ಪಿಟಕ್ಕೆನ್ನಲಿಲ್ಲ. ಬೆಳಗಾದರೆ ದೋಣಿ ಹತ್ತಬೇಕು.

ಆಗ, ಆ ಬಾವಿಯ ದಾರಿಯಲ್ಲಿ... ಟಿಕ್... ಟಿಕ್... ಟಿಕ್...

ನಿಧಾನದ ಸದ್ದು. ಬದುಕಿರುವ ನರಿಯದು. ನರಿ ಸತ್ತು ಅಲುಗದೆ ಬಿದ್ದರೆ ಟಿಕ್ ಟಿಕ್ ಅವಸರವಾಗುತ್ತದೆ.

"ಅಲ್ಲಿ ನೋಡು," ದೋಣಿಯಣ್ಣ ಪಿಸುಗುಟ್ಟಿದ.

ಬಾವಿಕಟ್ಟೆಯ ಮೇಲೆ ಅದೇ ನರಿ ಕೂತಿತ್ತು. ಓಡಲಿಲ್ಲ. ಉಸಿರು ತೂತುಬಿದ್ದ ತಿದಿಯಂತೆ... ಸುಂಯ್... ಸುಂಯ್... ಪಟ್ಟಿಯ ಕೆಳಗೆ ಅವಳ ಉಗುರೂ ತೂರಲಿಲ್ಲ. ಸುತ್ತ ಹಸಿ ಗಾಯ. ಕತ್ತರಿಯ ತುದಿ ಹೇಗೋ ನುಸುಳಿಸಿದಳು... ಕಟಕ್.

"ತಪ್ಪಾಯ್ತು ಕಣೇ," ಅಂದಳು, ಬರೀ ಉಸಿರಲ್ಲಿ.

ಅದು ಅವಳ ಮಣಿಕಟ್ಟು ಮೂಸಿತು. ಇಳಿದು ಕತ್ತಲಿಗೆ ಹೋಯಿತು. ದೋಣಿಯಣ್ಣ ಕಣ್ಣೊರೆಸಿಕೊಂಡು, ಹಾಳಾದ ಗಾಳಿ ಅಂತ ಗೊಣಗಿದ. ಆ ರಾತ್ರಿ ಅವಳು ಎಂಟು ದಿನದ ನಿದ್ದೆ ಒಟ್ಟಿಗೆ ಮಾಡಿದಳು.

ಬೆಳಗ್ಗೆ ಹೊರಡುವ ಮುಂಚೆ, ಇನ್ನೊಮ್ಮೆ ನೋಡಿಬರೋಣ ಅಂತ ಇಬ್ಬರೂ ಹೋದರು. ಬಾವಿಯ ಹಿಂದೆ, ಬಂಡೆಯ ಸಂದಿಯಲ್ಲಿ ನರಿ ಸಿಕ್ಕಿತು. ಚರ್ಮ ಒಣಗಿ ಎಲುಬಿಗೆ ಅಂಟಿತ್ತು. ಕಿವಿಯ ಬಿಲ್ಲೆಯ ಮೇಲೆ ಅದೇ ನಂಬರು.

ದೋಣಿಯಣ್ಣ ಬಗ್ಗಿ ನೋಡಿದ.

"ನೀನು ಹುಡುಕೋಕೆ ಶುರು ಮಾಡೋ ಮೊದಲೇ ಹೋಗಿದೆ, ತಂಗಿ."

ಅವಳು ಅದರ ಕುತ್ತಿಗೆ ಸವರಿದಳು. ಪಟ್ಟಿ ಇರಲಿಲ್ಲ. ಗಾಯವೂ ಇರಲಿಲ್ಲ. ಅಲ್ಲಿ ಸುತ್ತಲೂ, ಬೆರಳಗಲ, ಹೊಸ ಕೂದಲು ಬಂದಿತ್ತು... ಹಾಲು ಕುಡಿಯುವ ಮರಿಗಿರುತ್ತದಲ್ಲ, ಅಷ್ಟು ಮೆತ್ತಗೆ.

ದೋಣಿಯಣ್ಣನೂ ಮುಟ್ಟಿದ್ದಾನೆ. ಯಾರಾದರೂ ಕೇಳಿದರೆ ಬಲಗೈ ಜೇಬಿಗೆ ಸೇರಿಸಿ ಎದ್ದು ಹೋಗುತ್ತಾನೆ. ಆದರೆ ಮುಟ್ಟಿದ್ದು ನಿಜ.