ಬೀಗ ಯಾರದ್ದು?

ಹಲೋ, ಚಾವಿ ಅಂಗಡಿ. ಯಾರು ಮಾತಾಡ್ತಿರೋದು? … ಸ್ವಲ್ಪ ಜೋರಾಗಿ ಹೇಳಿ, ಕೇಳಿಸ್ತಿಲ್ಲ. … ರೇಟಾ? ಮಾಮೂಲಿ ಚಾವಿ ನಲವತ್ತು. ಬೀರುವಿಂದು ಅರವತ್ತು. ಗಾಡಿಯದ್ದು ನೂರಿಪ್ಪತ್ತು. ಮನೆ ತನಕ ಬಂದು ಬಾಗಿಲು ತೆಗೆದುಕೊಡಬೇಕು ಅಂದ್ರೆ ಮುನ್ನೂರು, ಮೂರನೇ ಮಹಡಿ ಆದ್ರೆ ನನ್ನ ಮಂಡಿಗೆ ಅಂತ ಇನ್ನೈವತ್ತು. ಪಿಸುಗುಟ್ಟೋರಿಗೆ ಮಾತ್ರ ಯಾವ ರೇಟೂ ಇಲ್ಲ. ಯಾಕಂದ್ರೆ ಪಿಸುಗುಟ್ಟೋರು ಯಾವಾಗಲೂ ಬೇರೆಯವರ ಬಾಗಿಲ ಮುಂದೆ ನಿಂತಿರ್ತಾರೆ.

… ಯಾರು? … ಅಕ್ಕಾ? ನೀನಾ? ಕೈಯಲ್ಲಿ ಚಾವಿ ಉಜ್ಜೋ ಅರ ಇತ್ತು, ಹೆಸರು ನೋಡದೆ ಎತ್ತಿದೆ. ಗಂಟಲು ಕಟ್ಟಿದೆಯಾ? … ಮತ್ತ್ಯಾಕೆ ಗುಸುಗುಸು? … ಫೋನಿನ ಚಾರ್ಜು ಕೆಂಪು ತೋರಿಸ್ತಿದೆಯಾ? ಹಾಗಾದ್ರೆ ಬೇಗ ಹೇಳು. ಎಲ್ಲಿದ್ದೀಯ?

… ಹಾಂ. … ಗುಬ್ಬಿ ಮನೆ ಬಾಗಿಲ ಮುಂದೆ. ನಿನ್ನ ಮಗಳು ಬೇರೆ ಮಾಡಿರೋ ಬಾಡಿಗೆ ಮನೆ ಬಾಗಿಲ ಮುಂದೆ. ಅವಳೆಲ್ಲಿ? … ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುತ್ತಿದ್ದಾಳೆ, ಆರು ಗಂಟೆ ತನಕ ಬರಲ್ಲ. ಸರಿ. ಅಂದ್ರೆ ನಾನು ಪಿಸುಗುಟ್ಟೋರ ಬಗ್ಗೆ ಹೇಳಿದ್ದು ತಪ್ಪೇನಲ್ಲ, ಅಲ್ವಾ?

… ಚಾವಿ ತಿರುಗ್ತಿಲ್ಲ. ಎಷ್ಟು ಒಳಗೆ ಹೋಗಿದೆ? … ಪೂರ್ತಿ. … ಈಗ ಹೊರಗೂ ಬರ್ತಿಲ್ಲ. ಎಷ್ಟು ಹೊತ್ತಿಂದ? … ಅರ್ಧ ಗಂಟೆಯಿಂದ ಅದರ ಜೊತೆ ಕುಸ್ತಿ. ಬರೀ ಕೈಯಲ್ಲಿ ತಿರುಗಿಸಿದ್ಯಾ? … ಕತ್ತರಿಯಲ್ಲಿ. ಚಾವಿಯ ತಲೆಯಲ್ಲಿರೋ ತೂತಿಗೆ ಕತ್ತರಿ ತುದಿ ಸಿಕ್ಕಿಸಿ ತಿರುಚಿದೆ. … ಈಗ ಕತ್ತರಿಯೂ ಬರ್ತಿಲ್ಲ. ಭಲೇ ಅಕ್ಕ. ಮೂವತ್ತು ವರ್ಷ ಟೈಲರ್ ಕೆಲಸ ಮಾಡಿದವಳು ನೀನು, ಕತ್ತರಿಗೆ ಇದೊಂದು ಕೆಲಸ ಬಾಕಿ ಇತ್ತು.

… ನಾನು ನಗ್ತಿಲ್ಲ. ಛತ್ರಿ ಅಜ್ಜ ನಗ್ತಿರೋದು. ಈ ಮೆಟ್ಟಿಲ ಕೆಳಗೆ ನನ್ನ ಚಾವಿ ಅಂಗಡಿ, ಅವರ ಛತ್ರಿ ರಿಪೇರಿ, ಮಧ್ಯೆ ಒಂದು ಹಲಗೆ. ನಾನೇನು ಮಾಡಲಿ? ಅಜ್ಜ, ನೀವು ಆ ಕಡೆ ತಿರುಗಿ ಕಡ್ಡಿ ಬಗ್ಗಿಸಿ.

… ಹೌದು, ಆ ಚಾವಿ ನಾನೇ ಮಾಡಿಕೊಟ್ಟಿದ್ದು. ಮಂಗಳವಾರ ನೀನು ಒಂದು ಸೋಪಿನ ಡಬ್ಬಿ ತಂದು ನನ್ನ ಮೇಜಿನ ಮೇಲಿಟ್ಟೆ. ಪಾಪ, ತಂಗಿಗೆ ಸೋಪು ತಂದಿದ್ದಾಳೆ ಅಂದ್ಕೊಂಡೆ. ತೆಗೆದು ನೋಡಿದ್ರೆ ಎರಡು ಹೋಳು, ಎರಡರಲ್ಲೂ ಚಾವಿಯ ಅಚ್ಚು. ಭಾನುವಾರ ಊಟಕ್ಕೆ ಬಂದ ಮಗಳು ಬಚ್ಚಲಿಗೆ ಹೋದಾಗ ಅವಳ ಚೀಲದಿಂದ ಚಾವಿ ತೆಗೆದು ಒತ್ತಿಕೊಂಡೆ ಅಂತ ಎಷ್ಟು ಹೆಮ್ಮೆಯಿಂದ ಹೇಳಿದೆ. ಅಕ್ಕ, ಅದು ಕಳ್ಳರು ಮಾಡೋ ಕೆಲಸ. ಅವರು ಕೂಡ ವಾಸನೆ ಇಲ್ಲದ ಸೋಪು ತಗೋತಾರೆ. ನನ್ನ ಅಂಗಡಿ ಇನ್ನೂ ಗುಲಾಬಿ ಗುಲಾಬಿ ಅಂತಿದೆ.

… ಮೊದಲು ಅದನ್ನ ಹೊರಗೆ ತೆಗಿ. ಬಾಗಿಲನ್ನ ನಿನ್ನ ಕಡೆ ಎಳ್ಕೋ. ಚಾವಿಯನ್ನ ನೆಟ್ಟಗೆ ನಿಲ್ಲಿಸಿ ಮೇಲೆ ಕೆಳಗೆ ಮೆಲ್ಲಗೆ ಆಡಿಸು. … ಅಲ್ಲಾಡ್ತಾನೇ ಇಲ್ವಾ? … ಬಗ್ಗಿದೆ ಹಾಗಾದ್ರೆ. ಬಿಟ್ಟುಬಿಡು, ಮುರಿದುಹೋದ್ರೆ ಇನ್ನೂ ಕಷ್ಟ.

… ಅಚ್ಚು ಸರಿಯಾಗೇ ಇತ್ತು ಅಕ್ಕ. … ನನ್ನ ಕಣ್ಣೂ ಚೆನ್ನಾಗಿದೆ, ಕೈಯೂ ಚೆನ್ನಾಗಿದೆ. … ಮತ್ತ್ಯಾಕೆ ತಿರುಗ್ತಿಲ್ಲ? ಹಾಂ, ಅದನ್ನೇ ಹೇಳೋಕೆ ಹೊರಟೆ. ತಡಿ, ಒಂದು ಗುಟುಕು ನೀರು ಕುಡೀತೀನಿ.

… ಆ ಚಾವಿಗೆ ಆರು ಹಲ್ಲು. ಐದನ್ನ ಸರಿಯಾಗಿ ಉಜ್ಜಿದೆ. ನಾಲ್ಕನೆಯದನ್ನ ಅರ್ಧಕ್ಕೇ ಬಿಟ್ಟೆ. ಒಳಗೆ ಹೋಗುತ್ತೆ, ತಿರುಗಲ್ಲ. … ಮರೆತಿದ್ದಲ್ಲ. ಬೇಕಂತಲೇ.

… ಬೈದು ಮುಗೀತಾ? … ಇನ್ನೂ ಇದೆಯಾ. ಬೈ. ಆದ್ರೆ ಮೆಲ್ಲಗೆ ಬೈ, ಎದುರು ಮನೆಯವರು ಬಾಗಿಲು ತೆಗೀತಾರೆ.

… ಅದು ನಿಜ. ಅವತ್ತೇ ಮುಖದ ಮೇಲೆ ಆಗಲ್ಲ ಅನ್ನಬಹುದಿತ್ತು. ಅನ್ನಲಿಲ್ಲ. ಅದಕ್ಕೆ ನೀನು ಎಷ್ಟು ಬೈದ್ರೂ ತುಟಿಪಿಟಕ್ ಅನ್ನಲ್ಲ. ಹುಟ್ಟಿದಾಗಿಂದ ನಾನು ನಿನಗೆ ಒಂದು ಸಲವಾದ್ರೂ ಇಲ್ಲ ಅಂದಿದ್ದು ನೆನಪಿದೆಯಾ? … ಯೋಚನೆ ಮಾಡು, ಪರವಾಗಿಲ್ಲ. … ಇಲ್ಲ, ಅಲ್ವಾ? ನೀನು ಹೊಲಿದುಕೊಟ್ಟ ಹಸಿರು ಕೋಟಿನ ತೋಳು ಬಿಗಿ ಇತ್ತು. ಹೇಳಿದ್ರೆ ನಿನಗೆ ಬೇಜಾರಾಗುತ್ತೆ ಅಂತ ಎರಡು ಚಳಿಗಾಲ ಅದನ್ನೇ ಹಾಕ್ಕೊಂಡು, ಕೈ ಮೇಲೆತ್ತೋಕಾಗದೆ, ಆಮೇಲೆ ಒಂದು ದಿನ ಬಸ್ಸಿನಲ್ಲಿ ಮರೆತು ಬಂದೆ. … ಮರೆಯಲಿಲ್ಲ ಅಕ್ಕ. ಸೀಟಿನ ಮೇಲೆ ಮಡಚಿಟ್ಟು ಇಳಿದು ಬಂದೆ. ನನ್ನ ಚಾಳಿಯೇ ಅದು. ಬಾಯಲ್ಲಿ ಹೂಂ ಅನ್ನೋದು, ಆಮೇಲೆ ಎಲ್ಲೋ ಒಂದು ಹಲ್ಲು ಉಜ್ಜದೆ ಬಿಡೋದು. ನಿನ್ನ ಹತ್ರ ಒಳ್ಳೆಯವಳು ಅನ್ನಿಸ್ಕೋಬೇಕು, ಅಷ್ಟೇ. ಐವತ್ತೊಂದು ವರ್ಷ ಆಯ್ತು, ಇನ್ನೂ ಅನ್ನಿಸ್ಕೊಂಡು ಮುಗಿದಿಲ್ಲ.

… ನಾನು ಬರೋದಾ? ಬಂದು ಬಾಗಿಲು ತೆಗೆದುಕೊಡಬೇಕಾ? … ತಡಿ. ನನಗೆ ಈ ಕೆಲಸ ಕಲಿಸಿದ್ದು ನಮ್ಮ ಮಾವ, ಗಂಡನ ಅಪ್ಪ. ನಿನಗೆ ಗೊತ್ತಲ್ಲ, ದಿನಕ್ಕೆ ನಾಲ್ಕು ಮಾತಾಡಿದ್ರೆ ಹೆಚ್ಚು. ಮೊದಲನೇ ವರ್ಷ ಅರ ಮುಟ್ಟೋಕೇ ಬಿಡಲಿಲ್ಲ. ಗಿರಾಕಿ ಬಂದ್ರೆ ಮೊದಲು ಒಂದು ಮಾತು ಕೇಳೋದು ಕಲಿ ಅಂದ್ರು. ಬೀಗ ಯಾರದ್ದು? ಎಷ್ಟು ಚಾವಿ, ಯಾವಾಗ ಬೇಕು, ಅದೆಲ್ಲ ಆಮೇಲೆ. ಬೀಗ ಅವರದ್ದಾದ್ರೆ ಕೆಲಸ ಮಾಡು. ಅಲ್ಲದಿದ್ರೆ ಎಷ್ಟು ಕೊಟ್ರೂ, ಎಷ್ಟು ಅತ್ರೂ, ಕಳಿಸಿಬಿಡು ಅಂದ್ರು. ಅವತ್ತಿಂದ ಎಲ್ಲರನ್ನೂ ಕೇಳಿದ್ದೀನಿ. ಒಂದು ಸಲ ಪೊಲೀಸಪ್ಪನನ್ನೂ ಕೇಳಿದ್ದೆ. ನಿನ್ನನ್ನ ಮಾತ್ರ ಕೇಳಲಿಲ್ಲ. ಈಗ ಕೇಳ್ತೀನಿ. ಬೀಗ ಯಾರದ್ದು, ಅಕ್ಕ?

… ಮಗಳು ನಿಂದು. ಒಪ್ಪಿದೆ. ನಾನು ಕೇಳಿದ್ದು ಬೀಗ.

… ಹಾಂ, ಅವಳದ್ದು. ಹೇಳೋಕೆ ಎಷ್ಟು ಹೊತ್ತಾಯ್ತು ನೋಡು. ಹಾಗಾದ್ರೆ ಅವಳು ಕರೆದ್ರೆ ಬರ್ತೀನಿ.

… ಒಳಗೆ ಹೋಗಿ ಏನು ಮಾಡ್ತಿದ್ದೆ? … ಪರದೆಗೆ ಕಿಟಕಿ ಅಳತೆ, ಹೊಸ ಬಟ್ಟೆಯೂ ಚೀಲದಲ್ಲಿದೆ. ಅಷ್ಟೇನಾ? … ಆಮೇಲೆ ಸ್ವಲ್ಪ ಗುಡಿಸಿ. … ಸ್ವಲ್ಪ ಒರೆಸಿ. … ಕಪಾಟು ಜೋಡಿಸಿ. … ಕಾಗದ ಪತ್ರ ಎಲ್ಲಾ ಒಂದು ಕಡೆ ಇಟ್ಟು. ಓದ್ತಾ ಓದ್ತಾ ಇಡ್ತಿದ್ದೆ, ಅಲ್ವಾ? … ಸರಿ ಸರಿ, ಕಣ್ಣಿಗೆ ಬಿದ್ದಷ್ಟು ಮಾತ್ರ.

… ಅವಳಿಗೆ ಧೂಳಾದ್ರೆ ಕೆಮ್ಮು, ಅದಕ್ಕೆ ಹೊರಟೆ ಅಂತೀಯ. ಇರಬಹುದು. ಒಂದು ಕೇಳ್ತೀನಿ, ಯೋಚನೆ ಮಾಡಿ ಹೇಳು. ನೀನು ಬಾಗಿಲು ತೆಗೆದಾಗ ಒಳಗೆ ಒಂದು ಕಸ ಇಲ್ಲದೆ ಮನೆ ಫಳಫಳ ಅಂತಿದ್ದಿದ್ರೆ, ನಿನಗೆ ಖುಷಿ ಆಗ್ತಿತ್ತಾ, ಬೇಜಾರಾಗ್ತಿತ್ತಾ?

… ಬೇಜಾರಾಗ್ತಿತ್ತು. ಹೂಂ. ನಾನೂ ಹಾಗೇ ಅಂದ್ಕೊಂಡೆ. ಕೆಮ್ಮು ಒಂದು ನೆಪ. ಧೂಳು ಸಿಗಲಿ ಅಂತಲೇ ಹೊರಟಿದ್ದೆ ನೀನು. ಅಮ್ಮ ಇಲ್ಲದೆ ಅವಳಿಗೆ ನಡೆಯಲ್ಲ ಅನ್ನೋದಕ್ಕೆ ನಿನಗೊಂದು ಸಾಕ್ಷಿ ಬೇಕಿತ್ತು.

… ಅಳ್ತಿದ್ದೀಯಾ? … ಮೂಗು ಸೋರ್ತಿದೆ, ಅಷ್ಟೇ. ಸರಿ. … ನೀನು ಇನ್ನು ಯಾರಿಗೂ ಬೇಡ ಅಂತ ಯಾರು ಹೇಳಿದ್ರು? … ಯಾರೂ ಹೇಳಿಲ್ಲ, ನೀನೇ ಹೇಳ್ಕೊಂಡೆ. ಹೋದ ತಿಂಗಳು ಗುಬ್ಬಿ ನಿನ್ನ ಹತ್ರ ಒಂದು ಕೇಳಿದ್ದಳು. ಅಮ್ಮ, ಪರದೆ ಅಂಚು ಮಡಚಿ ಹೊಲಿಯೋದು ಹೇಳಿಕೊಡು ಅಂತ. ನೀನೇನು ಮಾಡಿದೆ? … ಬಟ್ಟೆ ಕಿತ್ಕೊಂಡು ಹತ್ತು ನಿಮಿಷದಲ್ಲಿ ಹೊಲಿದು ಬಿಸಾಕಿದೆ. ಅಳತೆ ಕೂಡ ಕೇಳಲಿಲ್ಲ. ಅದಕ್ಕೇ ಒಂದು ಗೇಣು ಗಿಡ್ಡ ಆಯ್ತು, ಅದಕ್ಕೇ ಇವತ್ತು ಟೇಪು ಹಿಡ್ಕೊಂಡು ಕಳ್ಳತನಕ್ಕೆ ಬಂದೆ. ಅವಳಿಗೆ ನೀನು ಬೇಕಿತ್ತು ಅಕ್ಕ. ನಿನ್ನ ಕೈಯ ಕೆಲಸ ಅವಳ ಕೈಗೆ ಬೇಕಿತ್ತು.

… ನನಗೆ ಹೇಗೆ ಗೊತ್ತಾಯ್ತಾ? ಅವಳೇ ಹೇಳಿದಳು. ಆ ಬೀಗ ಹೋಗಿದ್ದು ನನ್ನ ಅಂಗಡಿಯಿಂದಲೇ ತಾನೇ? ತಗೊಳ್ಳೋಕೆ ಬಂದ ದಿನ ಬೆಂಚಿನ ಮೇಲೆ ಕೂತು ಒಂದು ಗಂಟೆ ಮಾತಾಡಿದಳು. ಯಾವುದೋ ಪುಸ್ತಕದಲ್ಲಿ ಓದಿದ್ದಳಂತೆ, ಹಿಂದಿನ ಕಾಲದಲ್ಲಿ ಮನಸ್ಸಿನ ಡಾಕ್ಟರೊಬ್ಬರಿದ್ರಂತೆ. ಇದು ಯಾರು ಮಾಡಬೇಕಾದ ಕೆಲಸ ಅಂತ ಮೊದಲು ನೋಡ್ಕೋಬೇಕಂತೆ, ಒಬ್ಬರ ಕೆಲಸದೊಳಗೆ ಇನ್ನೊಬ್ಬರು ಕಾಲಿಟ್ಟಾಗಲೇ ಮನೆಮನೆಯಲ್ಲಿ ಜಗಳ ಅಂತೆ. ಎಲ್ಲರಿಗೂ ಬೇಕಾದವಳಾಗಿ ಇರ್ತೀನಿ ಅಂತ ಹೊರಟವಳಿಗೆ ಬಿಡುಗಡೆಯೇ ಇಲ್ಲವಂತೆ. ಇದಕ್ಕೆ ಡಾಕ್ಟರ್ ಯಾಕೆ ಗುಬ್ಬಿ, ಅರ್ಧ ನಮ್ಮ ಮಾವ ಬಿಟ್ಟಿ ಹೇಳಿದ್ರು ಅಂದೆ. ಉಳಿದರ್ಧ ಮಾತ್ರ ನನಗೂ ಹೊಸದು. ರಾತ್ರಿ ಮಲಗಿದಾಗ ಆ ಹಸಿರು ಕೋಟು ನೆನಪಾಯ್ತು.

… ಹೂಂ, ಆ ಬೀಗದ ಜೊತೆ ಮೂರು ಚಾವಿ ಬರುತ್ತೆ. … ಒಂದು ಅವಳ ಚೀಲದಲ್ಲಿ. ಒಂದು ಮನೆ ಮಾಲೀಕರ ಹತ್ರ. … ನಿನಗೆ ಯಾವಾಗಲೂ ಎಣಿಕೆ ಚುರುಕು. … ಮೂರನೆಯದು ಇಲ್ಲೇ ಇದೆ. ನನ್ನ ತಲೆ ಮೇಲಿನ ಮೊಳೆಯಲ್ಲಿ. ಕಳೆದುಹೋದ್ರೆ ಒಂದು ಇರಲಿ ಅಂತ ಕೊಟ್ಟಿದ್ದಾಳೆ. … ಹೌದು. ಸೋಪು ನೋಡ್ಕೊಂಡು ನಿನ್ನ ಚಾವಿ ಉಜ್ಜುವಾಗಲೂ ಅದು ಅಲ್ಲೇ ನೇತಾಡ್ತಿತ್ತು.

… ಹೆತ್ತವಳಿಗೆ ಕೊಡದೆ ನನಗೆ ಕೊಟ್ಟಳು. ಹೌದು. … ಯಾಕೆ ಅಂತ ನಾನೂ ಕೇಳಿದೆ. ಅವಳು ಹೇಳಿದ್ದನ್ನ ಹೇಳಲಾ? … ನೀನು ಒಳಗೆ ಹೋಗಲ್ಲ ಅಂತ ಗೊತ್ತು ಚಿಕ್ಕಮ್ಮ, ಅದಕ್ಕೆ. ಅಷ್ಟೇ ಅಂದಳು.

… ಅಕ್ಕ, ಮೆಟ್ಟಿಲ ಮೇಲೆ ಕೂತ್ಕೋ. ನಾನು ಇಲ್ಲೇ ಇರ್ತೀನಿ.

… ಏನು? … ಅದನ್ನ ನಾಳೆ ನಿನಗೆ ಕೊಡಬೇಕಾ? … ಒಂದೇ ಒಂದು ದಿನಕ್ಕೆ. … ಯಾರಿಗೂ ಗೊತ್ತಾಗಲ್ಲ. …

ಇಲ್ಲ ಅಕ್ಕ. ಕೊಡಲ್ಲ.

… ತಮಾಷೆ ಅಲ್ಲ. ಚಾವಿ ಮೊಳೆಯಲ್ಲಿದೆ, ಆರೂ ಹಲ್ಲು ಸರಿಯಾಗಿದೆ, ನಾನು ಅದನ್ನ ನಿನಗೆ ಕೊಡಲ್ಲ. … ಕೋಪ ಬಂದ್ರೆ ಮಾಡ್ಕೋ. ಕೋಪ ನಿಂದು, ಬೇಡ ಅನ್ನೋಕೆ ನಾನ್ಯಾರು? ಅಜ್ಜ, ಛತ್ರಿ ಕೆಳಗೆ ಬಿತ್ತು ನೋಡಿ.

… ಯಾರು ಬರ್ತಿದ್ದಾರೆ? … ಗುಬ್ಬಿ ಕೆಮ್ಮಾ? ನಿಜವಾಗಲೂ? … ಇವತ್ತು ಬೇಗ ಬಿಟ್ಟಿರಬೇಕು. … ಟೆರೇಸಿಗೆ ಓಡ್ತೀಯಾ? ಅರವತ್ತು ಹತ್ರ ಬಂತು, ಎಲ್ಲಿಗೆ ಓಡ್ತೀಯ? ಬಾಗಿಲಲ್ಲಿ ಚಾವಿ ಇದೆ, ಚಾವಿಯಲ್ಲಿ ಕತ್ತರಿ ನೇತಾಡ್ತಿದೆ, ಕತ್ತರಿ ಮೇಲೆ ನಿನ್ನ ಹೆಸರು ಕೆತ್ತಿದೆ. ನೀನೊಬ್ಬಳು ಅಡಗಿ ಏನು ಬಂತು?

… ಬೀಗ ಪರೀಕ್ಷೆ ಮಾಡೋಕೆ ನಾನು ಕಳಿಸಿದೆ ಅಂತ ಹೇಳಬೇಕಾ? … ಆಗಲ್ಲ. … ನೋಡು, ಎರಡನೇ ಸಲಕ್ಕೆ ಎಷ್ಟು ಸುಲಭ. ನಾನು ಮಾಡಿದ್ದನ್ನ ನಾನು ಹೇಳ್ತೀನಿ, ನೀನು ಮಾಡಿದ್ದನ್ನ ನೀನು ಹೇಳು. ಸೋಪಿಂದ ಶುರು ಮಾಡು.

… … ಅಕ್ಕ? … ಏನೂ ಕೇಳಿಸ್ತಿಲ್ಲ ಅಜ್ಜ. … ತಡೀರಿ. ಸೋಪು ಅಂದಳು. ಸೋಪು ಅಂತ ಕೇಳಿಸ್ತು. … ಈಗ ಮತ್ತೆ ಏನೂ ಇಲ್ಲ. …

ಹಲೋ? … ಹಾಂ ಗುಬ್ಬಿ. … ನಾನೇ ಮಾಡಿದ್ದು. … ಒಂದು ಹಲ್ಲು ಬಿಟ್ಟಿದ್ದೆ, ಆದ್ರೂ ಮಾಡಬಾರದಿತ್ತು. ಯಾರದ್ದು ಅಂತ ಕೇಳದೆ ಅರ ಹಿಡಿದೆ, ತಪ್ಪು ನಂದು. ಹೊಸ ಬೀಗ ಹಾಕ್ಕೊಡ್ತೀನಿ, ನನ್ನ ಖರ್ಚು. … ಕೋಪಾನೂ ಬರ್ತಿದೆ, ಕತ್ತರಿ ನೋಡಿ ನಗೂನೂ ಬರ್ತಿದೆಯಾ? ಎರಡೂ ಇಟ್ಕೋ. … ಅಮ್ಮನಿಗೆ ನಾನು ಬುದ್ಧಿ ಹೇಳಬೇಕಾ? ಇಲ್ಲಮ್ಮ. ಇವತ್ತು ಹೇಳಿದ್ದೇ ಜಾಸ್ತಿ ಆಯ್ತು. ಅದು ನೀವಿಬ್ಬರೂ ನೋಡ್ಕೊಳ್ಳಿ. … ಬೀಗ ನಿಂದು, ನೀನು ಕರೆದೆ, ಬರ್ತೀನಿ. ಮುನ್ನೂರು, ಮಂಡಿಗೆ ಐವತ್ತು. … ಅಮ್ಮ ಕೊಡ್ತಾಳಾ? ಕೊಡಲಿ ಬಿಡು, ಕತ್ತರಿ ಅವಳದ್ದಲ್ವಾ. ಅವಳಿಗೆ ಕೊಡು ಫೋನು.

… ಅಕ್ಕ, ಏನಂದಳು? … ಚಾವಿ ಕೊಡಲ್ಲ ಅಂದಳು. ಹೂಂ. … ಆಮೇಲೆ? … ಬೆಲ್ ಒತ್ತಿದ್ರೆ ತೆಗೀತೀನಿ ಅಂದಳು. … ಮನೆಯಲ್ಲಿದ್ರೆ. ಹಾಂ, ಮನೆಯಲ್ಲಿದ್ರೆ ಅನ್ನೋದೂ ಸೇರಿ.

… ನನಗೆ ಬರೋಕೆ ಅರ್ಧ ಗಂಟೆ ಬೇಕು. ನಿನ್ನ ಚೀಲದಲ್ಲಿ ಹೊಸ ಬಟ್ಟೆ ಇದೆ, ಸೂಜಿ ದಾರ ಇದ್ದೇ ಇರುತ್ತೆ, ಮೆಟ್ಟಿಲ ಮೇಲೆ ಬೆಳಕಿದೆ. ಅಂಚು ಮಡಚೋದು ಹೇಳಿಕೊಡು ಅವಳಿಗೆ. ಹೇಳಿಕೊಡು ಅಂದೆ, ನೀನೇ ಹೊಲಿ ಅಂದಿಲ್ಲ. … ಅಯ್ಯೋ, ಅದೂ ನನ್ನ ಬೀಗ ಅಲ್ಲ. ಹೇಗಾದ್ರೂ ಮಾಡ್ಕೊಳ್ಳಿ.

… ನನ್ನ ಮೇಲೆ ಇನ್ನೂ ಕೋಪ ಇದೆಯಾ? … ಎಷ್ಟು ದಿನ ಇರುತ್ತೆ? … ಸರಿ, ಇರಲಿ. ಇವತ್ತು ಹೋಗಿದ್ದು ಒಂದು ಚಾವಿ, ಒಂದು ಬೀಗ, ನಿನ್ನ ಗುಲಾಬಿ ಸೋಪು. ತಂಗಿ ಯಾವತ್ತೂ ಇಲ್ಲ ಅನ್ನಲ್ಲ ಅಂತ ನನಗಿದ್ದ ಹೆಸರು, ಅದೂ ಹೋಯ್ತು. ಸಿಕ್ಕಿದ್ದು ಒಂದೇ ಅಕ್ಕ. ನಾನು ಇಲ್ಲ ಅಂದೆ, ನೀನು ಫೋನು ಇಡಲಿಲ್ಲ. ಇಟ್ಟುಬಿಡ್ತೀಯ ಅಂತ ಐವತ್ತೊಂದು ವರ್ಷ ಹೆದರಿ …

ಹಲೋ? … ಅಕ್ಕ? … ಹಲೋ? …

ಕಟ್ಟಾಯ್ತು ಅಜ್ಜ. … ಚಾರ್ಜು ಹೋಯ್ತೋ, ಅವಳೇ ಇಟ್ಟಳೋ, ಗೊತ್ತಿಲ್ಲ. … ಇಟ್ಟಿದ್ರೂ, ನಾನು ಇಲ್ಲ ಅಂದಿದ್ದು ಅಂದಿದ್ದೇ. ಆ ಸಾಮಾನಿನ ಚೀಲ ಇತ್ತ ಕೊಡಿ, ಹೊರಡ್ತೀನಿ.