ಕೇಳದೆ ಬರೆದ ‘ಇಲ್ಲ’

ಒಬ್ಬ ಸಾಹುಕಾರ. ಊರು ಯಾವುದೋ, ನಿಮ್ಮದೇ ಅಂತ ತಿಳಿಯಿರಿ. ಬಂಗಲೆ ಇತ್ತು, ಕಾರು ಇತ್ತು, ಆದರೆ ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ. ಯಾಕೆ? ತಂಗಿ ನೀಲವ್ವ ಒಂದು ಬೈಗುಳಕ್ಕೆ ಮನೆ ಬಿಟ್ಟು ಹೋಗಿದ್ದಳು. ಬೈದವನು ಇವನೇ.

ನೋಡಿ, ಅವನು ಸುಮ್ಮನೆ ಕೂಡಲಿಲ್ಲ. ತಂಗಿ ಯಾವುದೋ ಆಶ್ರಮ ಸೇರಿರಬೇಕೆಂದು, ನಾಡಿನ ಆಶ್ರಮಗಳ ಕಂಪ್ಯೂಟರುಗಳನ್ನೆಲ್ಲ ವಿಚಾರಿಸಿ ಬರುವಂಥ ಒಂದು ಪ್ರೋಗ್ರಾಮು ಬರೆಸಿದ. ಅದಕ್ಕೆ ಅವರ ಭಾಷೆಯಲ್ಲಿ ಲೈಬ್ರರಿ ಅಂತಾರಂತೆ, ಪುಸ್ತಕದ್ದಲ್ಲ. ಮುಂದೆ ಕೂತ ಎಂಜಿನಿಯರುಗಳು ನಗಬೇಡಿ, ನನಗೆ ತಿಳಿದಷ್ಟು ಹೇಳುತ್ತೇನೆ. ಬರೆದವನು ಜಾಣ. ಆಶ್ರಮಗಳಲ್ಲಿರುವ ಎಲ್ಲರ ಎಲ್ಲ ವಿವರ ಒಮ್ಮೆಲೇ ಎಳೆದು ತಂದರೆ ಯಂತ್ರ ಏದುಸಿರು ಬಿಡುತ್ತದೆ. ಅದಕ್ಕೆ ಮೊದಲು ಹೆಸರು, ವಯಸ್ಸು ಮಾತ್ರ ತರಿಸಿದ. ಉಳಿದದ್ದು ಕೇಳಿದಾಗ ತಂದರಾಯಿತು. ತಪ್ಪೇನಿಲ್ಲ! ತಪ್ಪಿದ್ದು ಎಲ್ಲಿ? ಇನ್ನೂ ತರದೇ ಇದ್ದ ವಿವರದ ಜಾಗದಲ್ಲಿ ಆತ ‘ಇಲ್ಲ’ ಅಂತ ತೋರಿಸಿಬಿಟ್ಟ. ತರಿಸಲು ಬೇರೆ ಆಜ್ಞೆ ಕೊಡಬೇಕೆಂಬುದು ಅವನೊಬ್ಬನಿಗೇ ಗೊತ್ತು.

ನೀಲವ್ವ ಸಿಟ್ಟಿಗೆ ಹೆಸರು ಬದಲಿಸಿಕೊಂಡಿರುತ್ತಾಳೆ ಎಂದು ಸಾಹುಕಾರ ಗುರುತು ಹುಡುಕುತ್ತಿದ್ದ. ಚಿಕ್ಕಂದಿನಲ್ಲಿ ಬೆಲ್ಲದ ಪಾಕ ಸಿಡಿದು ಅವಳ ಎಡಗೈ ಮೇಲೆ ಉಳಿದಿದ್ದ ಕಲೆ. ದಿನಾ ಬೆಳಿಗ್ಗೆ ಕೂತು ನೋಡುವನು. ಕಲೆ: ಇಲ್ಲ. ಮುಂದಿನವಳು. ಕಲೆ: ಇಲ್ಲ. ಕಣ್ಣೊರೆಸಿಕೊಂಡು ಏಳುವನು. ಹೀಗೇ ವರ್ಷಗಳು ಹೋದವು.

ಕಡೆಗೆ ಆ ಎಂಜಿನಿಯರು ಬೇರೆ ಕಡೆ ಕೆಲಸಕ್ಕೆ ಹೋಗಿ, ಅವನ ಜಾಗಕ್ಕೆ ಒಬ್ಬ ಹೆಣ್ಣುಮಗಳು ಬಂದಳು. ನೋಡಿದಳು, ಗಾಬರಿಯಾದಳು. “ಸಾಹುಕಾರ್ರ, ಇದು ಇಲ್ಲ ಅಂತಲ್ರೀ. ಇನ್ನಾ ಕೇಳೇ ಇಲ್ರೀ!” ಕಲೆ ಎಂಬಲ್ಲಿ ಬೆರಳಿಟ್ಟರೆ ಸಾಕು, ಪ್ರೋಗ್ರಾಮೇ ಹೋಗಿ ವಿಚಾರಿಸಿ ತರುವಂತೆ, ಬರುವ ತನಕ ‘ತರುತ್ತಿದ್ದೇನೆ, ತಡೆಯಿರಿ’ ಎಂದು ತೋರಿಸುವಂತೆ ತಿದ್ದಿದಳು. ಸಾಹುಕಾರ ಮತ್ತೆ ಕೂತ. ಎಷ್ಟೋ ಸಲ ನೋಡಿ ದಾಟಿಸಿದ್ದ ಒಂದು ಹೆಸರಿನ ಮುಂದೆ ಮೂಡಿತು: ಎಡಗೈ, ಸುಟ್ಟ ಕಲೆ.

ಓಡಿದ. ಆಶ್ರಮದ ಬಾಗಿಲಲ್ಲಿ ತಲೆಗೂದಲು ಬೆಳ್ಳಗಾದ ನೀಲವ್ವ. “ಅಣ್ಣಾ, ನಾ ಇಲ್ಲೇ ಇದ್ನಲ್ಲೋ. ದಿನಾ ನಿನ್ನ ದಾರಿ ನೋಡ್ತಿದ್ದೆ. ಯಾಕ ಕೇಳ್ಲಿಲ್ಲ?” ಅವನು ಆ ಎಡಗೈ ಹಿಡಿದು ಕಲೆಯ ಮೇಲೆ ಹಣೆಯಿಟ್ಟ.

ಅವನ ಮಾತು ಬಿಡಿ. ನಿಮ್ಮದು? ಮನೆಯಲ್ಲಿ ಹೆಂಡತಿ ಇದ್ದಾಳೆ. ಹೆಸರು ಗೊತ್ತು, ವಯಸ್ಸು ಗೊತ್ತು. ‘ಅವಳಿಗೇನ್ರೀ ಆಸೆ, ಏನೂ ಇಲ್ಲ’ ಅಂತೀರಿ. ಕೇಳಿದ್ದೀರಾ? ಒಮ್ಮೆಯಾದರೂ ಕೇಳಿದ್ದೀರಾ? ಎಲ್ಲವನ್ನೂ ಒಂದೇ ದಿನ ಕೇಳಬೇಡಿ, ಪೊಲೀಸರ ವಿಚಾರಣೆ ಆದೀತು. ಇವತ್ತು ಊಟಕ್ಕೆ ಕೂತಾಗ ಒಂದೇ ಒಂದು ಕೇಳಿ. ಕೇಳಿ, ಮೊಬೈಲು ಆಚೆ ಇಟ್ಟು, ಉತ್ತರ ಬರುವ ತನಕ ಕಾಯಿರಿ. ತಡವಾಗುತ್ತದೆ; ದೂರದಿಂದ ಬರಬೇಕಲ್ಲ. ಅಷ್ಟರೊಳಗೆ ‘ಇಲ್ಲ’ ಅಂತ ಮಾತ್ರ ಬರೆದುಕೊಳ್ಳಬೇಡಿ. ಅವಳೂ ದಾರಿ ನೋಡುತ್ತಿದ್ದಾಳೆ.