ಬಾವಿಯೊಳಗಿನ ಖಂಜಿರ

ಅವತ್ತು ಹೊತ್ತು ಮೀರಿತ್ತು. ನಮ್ಮ ಪಕ್ಕದ ಮನೆ ವಾಚ್ ರಿಪೇರಿಯವನು ಒಬ್ಬನೇ ಮನೆಗೆ ಬರುತ್ತಿದ್ದ. ಹಳೇ ಬಾವಿಯ ಹತ್ತಿರ ಬಂದಾಗ... ಟಂ... ಟಂ... ಝಣ್.

ಖಂಜಿರ. ಅವನ ಅಕ್ಕನ ಗಂಡ, ಭಾವನ ಕೈ, ಅನುಮಾನವೇ ಇಲ್ಲ. ಭಾವನದು ಕ್ಷೌರದಂಗಡಿ. ಇವನ ಮೌತ್ ಆರ್ಗನ್ನಿಗೆ ಖಂಜಿರ ಬಾರಿಸುತ್ತಿದ್ದವನೂ ಅವನೇ. ಆ ಸಂಜೆ ಗೆಳೆಯನ ಮನೆಯಲ್ಲಿ, ನಾಲ್ಕು ಜನರೆದುರು ಅಂದುಬಿಟ್ಟಿದ್ದ: "ನೀನು ಊದೋದೆಲ್ಲ ಎಂಜಲು ಕಣೋ. ನಿಂದು ಅಂತ ಒಂದು ಉಸಿರೂ ಇಲ್ಲ." ಹಾಗಂದು ಮೊದಲೇ ಎದ್ದು ಹೋಗಿದ್ದ.

ಈಗ ಕತ್ತಲಲ್ಲಿ ಕೂತು ರಾಜಿಗೆ ಕರೀತಿದ್ದಾನೆ ಅಂದುಕೊಂಡ ಇವನು. ಬಾವಿಕಟ್ಟೆ ಮೇಲೆ ಕೂತು ಊದಿದ. ಪೆಟ್ಟಿನಿಂದ ಪೆಟ್ಟಿಗೆ ಬಿಡುವು ಹಿಗ್ಗುತ್ತಿತ್ತು. ಚರ್ಮ ನೆನೆದ ಹಾಗೆ ಸದ್ದು ಇಳಿಯುತ್ತಿತ್ತು. ಟಂ ಹೋಗಿ ಗುಂ... ಗುಂ ಹೋಗಿ ದಪ್. ಆ ಬಿಡುವಿನಲ್ಲಿ ಇವನ ಉಸಿರು ತಾನಾಗೇ ನಿಂತಿತು, ನೀಳವಾಯಿತು, ಯಾರ ಹಂಗೂ ಇಲ್ಲದ ರಾಗವಾಯಿತು.

"ಲೋ..." ಕೆಳಗಿನಿಂದ.

ಆಗ ತಿಳಿಯಿತು. ಭಾವ ಬಾವಿಯೊಳಗಿದ್ದಾನೆ. ಆದರೂ... ನಿಲ್ಲಿಸಲಿಲ್ಲ. ಇದೊಂದು ಸಾಲು ಮುಗಿಸಿಬಿಡೋಣ ಅಂದುಕೊಂಡ. ಮುಗಿಸಿದಾಗ ಕೆಳಗೆ ಸದ್ದಿರಲಿಲ್ಲ.

ಬೆಳಿಗ್ಗೆ ಹೆಣ ಎತ್ತಿದರು. ಕತ್ತಲಲ್ಲಿ ಕಾಲು ಜಾರಿರಬೇಕು ಅಂದರು. ಖಂಜಿರ ಕಚ್ಚಿ ಹಿಡಿದ ಬೆರಳು ಬಿಡಿಸಲಾಗಲಿಲ್ಲ. ಇವನು ಅಕ್ಕನ ಪಕ್ಕ ಕೂತು ಅತ್ತ. ಬಾಯಿ ಮಾತ್ರ ಬಿಡಲಿಲ್ಲ.

ಆರು ತಿಂಗಳಲ್ಲಿ ಇವನ ಹೆಸರು ಎಲ್ಲರ ಬಾಯಲ್ಲಿ. "ಏನು ಶೈಲಿ! ಆ ಬಿಡುವು ಇವನಿಗೊಬ್ಬನಿಗೇ ಸಾಧ್ಯ!" ಕಾರ್ಖಾನೆಯ ಸಭಾಂಗಣದಲ್ಲಿ ಕಾರ್ಯಕ್ರಮ ಇಟ್ಟರು. ತಾಳ ಹಾಕಬೇಕಾದವನು ಕೈಕೊಟ್ಟ, ಪಕ್ಕದ ಕುರ್ಚಿ ಖಾಲಿ. ಇವನೊಬ್ಬನೇ ಊದಿದ. ಮುಂದಿನ ಸಾಲಿನಲ್ಲಿ ಅಕ್ಕ.

ಎರಡನೇ ಬಿಡುವಿಗೆ, ಪಕ್ಕದಲ್ಲೇ... ಟಂ... ಗುಂ...

ಮೌತ್ ಆರ್ಗನ್ ತೆಗೆಯಲು ನೋಡಿದ. ತುಟಿ ಬಿಡಲೊಲ್ಲದು. ಪೆಟ್ಟು ಬಿದ್ದರಷ್ಟೇ ಉಸಿರು. ಪೆಟ್ಟೋ, ದೂರ ದೂರ ಆಗುತ್ತಿತ್ತು. ಜನ ಶಿಳ್ಳೆ ಹೊಡೆದರು.

ಅಕ್ಕ ಎದ್ದು ವೇದಿಕೆಗೆ ಬಂದಳು. ಪಿಸುಗುಟ್ಟಿದಳು.

"ಅವರ ಕೈ ಇದು. ಚರ್ಮ ನೆನೀತಾ ಇದೆ... ಅವತ್ತು ನೀನು ಅಲ್ಲೇ ಇದ್ದ್ಯಾ?"

ಇವನ ಕಣ್ಣಲ್ಲಿ ನೀರು.

"ಕೂಗಿದ್ರಾ?"

ಹೂಂ ಅನ್ನುವಂತೆ ತಲೆ ಆಡಿಸಿದ. ಕಿತ್ತು ತೆಗಿ ಅಂತ ಕಣ್ಣಲ್ಲೇ ಬೇಡಿಕೊಂಡ. ಅಕ್ಕ ಕೈ ಚಾಚಿದಳು... ಹಿಂದಕ್ಕೆ ಎಳೆದುಕೊಂಡಳು.

"ಮುಗಿಸು," ಅಂದಳು. ಹೋಗಿ ತನ್ನ ಜಾಗದಲ್ಲಿ ಕೂತಳು.

ದಪ್. ಆಮೇಲೆ ಇನ್ನೊಂದು ಪೆಟ್ಟು ಬೀಳಲೇ ಇಲ್ಲ. ಚಪ್ಪಾಳೆ ನಿಂತ ಮೇಲೂ ಅವನು ಕೂತೇ ಇದ್ದ, ಕಣ್ಣು ಬಿಟ್ಟುಕೊಂಡು.

ಆ ಸಭಾಂಗಣ ಗುಡಿಸೋಳು ನಮ್ಮ ಚಿಕ್ಕಮ್ಮ. ಸುಳ್ಳು ಹೇಳಿ ಅವಳಿಗೇನಾಗಬೇಕು? ಅವನ ಪಕ್ಕದ ಖಾಲಿ ಕುರ್ಚಿಯ ಮೆತ್ತೆ ಒದ್ದೆಯಾಗಿತ್ತಂತೆ. ಮೂರು ದಿನ ಬಿಸಿಲಿಗಿಟ್ಟಳು. ಒಣಗಲಿಲ್ಲ.